ಬಾಗಿಲ ಬಳಿ ನಿಂತವರು ಯಾರು?

ಹಝ್ರತ್ ಜಾಬಿರ್ ಬಿನ್ ಅಬ್ದುಲ್ಲಾ(ರ) ತಮ್ಮ ತಂದೆಯ ಸಾಲದ ವಿಷಯವಾಗಿ ಪ್ರವಾದಿ ಮುಹಮ್ಮದ್(ಸ)ರನ್ನು ಕಾಣಲು ಬಂದು ಬಾಗಿಲು ತಟ್ಟಿದರು. ಯಾರೆಂದು ಒಳಗಿನಿಂದ ಪ್ರಶ್ನೆ ಬಂತು. ತಾನು ಎಂದಷ್ಟೇ ಅವರು ಉತ್ತರಿಸಿದರು. ಪ್ರವಾದಿವರ್ಯರು(ಸ) ಆ ಒಂದು ಪದವನ್ನೇ ಎರಡು ಬಾರಿ ಮರಳಿ ನುಡಿದರು. ಆ ಉತ್ತರ ಅವರಿಗೆ ಹಿಡಿಸಲಿಲ್ಲವೆಂದು ಜಾಬಿರ್‌ರಿಗೆ ಅನಿಸಿತು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿರುವ ಈ ಹದೀಸನ್ನು ನಾವು ವಾರದ ಅಧ್ಯಯನ ಕೂಟದಲ್ಲಿ ಹಲವು ಬಾರಿ ಓದಿದ್ದೇವೆ. ಪರರ ಮನೆಯನ್ನು ಅನುಮತಿಯಿಲ್ಲದೆ ಪ್ರವೇಶಿಸಬಾರದೆಂಬ ಸೂರಃ ಅನ್ನೂರ್‌ನ ಆದೇಶದ ಜೊತೆಗೆ, ಅತಿಥಿಯ ಶಿಷ್ಟಾಚಾರವೆಂದೇ ಅದನ್ನು ವಿವರಿಸುವುದು ರೂಢಿ. ಆದರೆ ‘ನಾನು’ ಎಂಬುದು ಯಾರು ಬೇಕಾದರೂ ಹೇಳಬಹುದಾದ ಉತ್ತರ. ಬಾಗಿಲ ಹೊರಗಿರುವವರೆಲ್ಲರೂ ‘ನಾನು’ಗಳೇ. ಹೆಸರು ಹೇಳಿದಾಗ ಮಾತ್ರ ಒಳಗಿರುವವರಿಗೆ ಪರಿಶೀಲಿಸಲು ಏನಾದರೂ ಸಿಗುತ್ತದೆ. ಇಂದು ನಮ್ಮ ಬಾಗಿಲನ್ನು ತಟ್ಟುವವರಲ್ಲಿ ಹೆಚ್ಚಿನವರು ದೂರವಾಣಿಯ ಪರದೆಯ ಮೇಲೆ ಬರುತ್ತಾರೆ, ಮತ್ತು ಅಲ್ಲಿ ಹೆಸರೂ ಒಂದು ‘ನಾನು’ವೇ ಆಗಿಬಿಟ್ಟಿದೆ.

ಬಸವಾಪಟ್ಟಣದ ನಾವು ಕೆಲವರು ಸೇರಿ ಕುರ್‌ಆನ್ ಮತ್ತು ಹದೀಸಿನ ಅಧ್ಯಯನದ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದು ಹಂಚುತ್ತೇವೆ. ನಮ್ಮಲ್ಲಿ ಅರ್ಧದಷ್ಟು ಜನ ಊರಿನಲ್ಲಿದ್ದಾರೆ. ಉಳಿದವರು ದಾವಣಗೆರೆ, ಬೆಂಗಳೂರು ಮತ್ತು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಮನೆಮಾತು ದಖ್ಖನಿ ಉರ್ದುವಾದರೂ ನಮ್ಮ ಮಕ್ಕಳ ಓದು ಕನ್ನಡದಲ್ಲಿದೆ, ನೆರೆಹೊರೆಯವರ ಓದೂ ಕನ್ನಡದಲ್ಲಿದೆ. ಆದ್ದರಿಂದ ಈ ಕೆಲಸ ಅಗತ್ಯವೆಂದು ನಾವು ನಂಬಿದ್ದೇವೆ. ಎಲ್ಲಿ ಪ್ರಕಟಿಸುವುದೆಂಬುದು ಮಾತ್ರ ಬಹಳ ಕಾಲ ತೀರ್ಮಾನವಾಗದ ಪ್ರಶ್ನೆಯಾಗಿತ್ತು. 2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತಾದ ಪ್ರಸಂಗ ಹಲವರಿಗೆ ನೆನಪಿರಬಹುದು. ನಾಝಿ ಜರ್ಮನಿಯಲ್ಲಿ ಇಡೀ ಗುಂಪು ಕೈಯೆತ್ತಿ ವಂದಿಸುತ್ತಿರುವಾಗ ಒಬ್ಬನೇ ಕೈಕಟ್ಟಿ ನಿಂತ ಆಗಸ್ಟ್ ಲ್ಯಾಂಡ್‌ಮೆಸರ್‌ನ ಚಿತ್ರ ಹಾಕಿದ್ದು ಅದಕ್ಕೆ ಕಾರಣವಾಗಿತ್ತು. ಆಗ ಭಾರತದ ಸಾವಿರಾರು ಮಂದಿ ಮಾಸ್ಟೊಡಾನ್ ಎಂಬ ಹೊಸ ಜಾಲದತ್ತ ಹೊರಟರು. ಆಮೇಲೆ 2022ರ ನವೆಂಬರ್‌ನಲ್ಲಿ ಅದೇ ಟ್ವಿಟರ್ ತನ್ನ ನೀಲಿ ಗುರುತನ್ನು ಮಾರಾಟಕ್ಕಿಟ್ಟಿತು. ದುಡ್ಡು ಕೊಟ್ಟು ಗುರುತು ಪಡೆದ ಒಂದು ನಕಲಿ ಖಾತೆ ಎಲಿ ಲಿಲ್ಲಿ ಔಷಧ ಕಂಪೆನಿಯ ಹೆಸರಿನಲ್ಲಿ ಇನ್ನು ಇನ್ಸುಲಿನ್ ಉಚಿತವೆಂದು ಪ್ರಕಟಿಸಿತು. ನಿಜವಾದ ಕಂಪೆನಿ ಕ್ಷಮೆ ಯಾಚಿಸಿ ಸ್ಪಷ್ಟನೆ ನೀಡಬೇಕಾಯಿತು. ಬೆಂಗಳೂರಿನವರು ಕಟ್ಟಿ, ಕನ್ನಡದಲ್ಲೇ ಮೊದಲು ಆರಂಭಿಸಿದ ಕೂ ಜಾಲ 2024ರ ಜುಲೈಯಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ಬರೆಯುತ್ತಿದ್ದವರು ನೆಲೆ ಕಳೆದುಕೊಂಡರು. ಒಬ್ಬ ಯಜಮಾನನ ಮನೆಯಲ್ಲಿ ಬಾಡಿಗೆಗಿರುವುದಕ್ಕಿಂತ ಬೇರೆ ದಾರಿಯಿದೆಯೇ ಎಂದು ಯೋಚಿಸಿದ ನಾವು ಮಾಸ್ಟೊಡಾನ್‌ನಲ್ಲಿ ಒಂದು ಖಾತೆ ತೆರೆದೆವು.

ಈ ಜಾಲದ ರಚನೆಯನ್ನು ನಮ್ಮ ಓದುಗರಿಗೆ ವಿವರಿಸುವುದು ಕಷ್ಟವಲ್ಲ. ಊರೂರಿನ ಮಸೀದಿಗಳನ್ನು ನೋಡಿರಿ. ಬಸವಾಪಟ್ಟಣದ ಜಮಾಅತ್ ತನ್ನ ಮಸೀದಿಯ ಸಮಯಪಟ್ಟಿಗೆ ಚನ್ನಗಿರಿಯ ಜಮಾಅತ್‌ನ ಅನುಮತಿ ಕೇಳುವುದಿಲ್ಲ. ಪ್ರತಿಯೊಂದಕ್ಕೂ ಅದರದೇ ಸಮಿತಿ, ಅದರದೇ ನಿಯಮ. ಆದರೂ ಪ್ರಯಾಣಿಕನೊಬ್ಬ ಯಾವ ಊರಿನ ಸಾಲಿನಲ್ಲಿ ನಿಂತರೂ ನಮಾಝ್ ನಡೆಯುತ್ತದೆ. ಮಾಸ್ಟೊಡಾನ್ ಎಂಬುದು ಹೀಗೆಯೇ ಸಾವಿರಾರು ಸ್ವತಂತ್ರ ಸರ್ವರ್‌ಗಳ ಸಮೂಹ. 2016ರಲ್ಲಿ ಜರ್ಮನಿಯ ಯುಜೆನ್ ರೋಚ್ಕೊ ಇದನ್ನು ರೂಪಿಸಿದರು. ಸರ್ವರ್‌ಗಳು ಪರಸ್ಪರ ಮಾತನಾಡುವ ಆಕ್ಟಿವಿಟಿಪಬ್ ಎಂಬ ಒಡಂಬಡಿಕೆಗೆ 2018ರ ಜನವರಿಯಲ್ಲಿ ಡಬ್ಲ್ಯು3ಸಿ ಸಂಸ್ಥೆಯ ಮನ್ನಣೆ ದೊರೆಯಿತು. ಇಲ್ಲಿ ಯಾರನ್ನೂ ಎಲ್ಲ ಕಡೆಯಿಂದ ಹೊರಹಾಕಬಲ್ಲ ಒಬ್ಬ ಒಡೆಯನಿಲ್ಲ. ಅದೇ ಕಾರಣಕ್ಕೆ, ಹೆಸರಿಗೆ ಹೊಣೆಯಾಗುವ ಒಬ್ಬ ಒಡೆಯನೂ ಇಲ್ಲ. ಒಂದು ಸರ್ವರಿನಲ್ಲಿ ನಮ್ಮ ಕೂಟದ ಹೆಸರು ನಮ್ಮದಾದರೆ, ಇನ್ನೊಂದು ಸರ್ವರಿನಲ್ಲಿ ಅದೇ ಹೆಸರನ್ನು ಯಾರು ಬೇಕಾದರೂ ಪಡೆಯಬಹುದು. ಅದು ಸರ್ವರಿನ ದೋಷವಲ್ಲ. ಚನ್ನಗಿರಿಯಲ್ಲೂ ಒಬ್ಬ ಅಬ್ದುಲ್ ಕರೀಮ್ ಇರಬಹುದು, ಹೊನ್ನಾಳಿಯಲ್ಲೂ ಇರಬಹುದು.

ಆದ್ದರಿಂದ ಇಲ್ಲಿ ವಿಳಾಸಕ್ಕೆ ಎರಡು ಭಾಗಗಳಿವೆ. ಮೊದಲ ಅಟ್ ಚಿಹ್ನೆಯ ನಂತರ ವ್ಯಕ್ತಿಯ ಹೆಸರು, ಎರಡನೆಯ ಅಟ್ ಚಿಹ್ನೆಯ ನಂತರ ಸರ್ವರಿನ ಹೆಸರು. ಎರಡೂ ಸೇರಿದರೆ ಮಾತ್ರ ಒಬ್ಬ ವ್ಯಕ್ತಿ. ಇದನ್ನು ಮೊದಲ ಬಾರಿ ಓದಿದಾಗ ನಮ್ಮಲ್ಲಿ ಹದೀಸ್ ಅಧ್ಯಯನ ಮಾಡಿದ ಒಬ್ಬರು ನಕ್ಕು, ಇದು ನಿಸ್ಬತ್ ಅಲ್ಲವೇ ಎಂದರು. ನಿಜವೇ. ಮುಹಮ್ಮದ್ ಬಿನ್ ಇಸ್ಮಾಈಲ್ ಎಂಬ ಹೆಸರಿನವರು ಎಷ್ಟೋ ಮಂದಿ, ಆದರೆ ಅಲ್ ಬುಖಾರಿ ಎಂದಾಗ ಬುಖಾರಾದ ಒಬ್ಬರು ಕಣ್ಣಮುಂದೆ ಬರುತ್ತಾರೆ. ಒಂದೇ ಹೆಸರಿನ ಇಬ್ಬರು ವರದಿಗಾರರಲ್ಲಿ ಒಬ್ಬರು ವಿಶ್ವಾಸಾರ್ಹರೂ ಇನ್ನೊಬ್ಬರು ದುರ್ಬಲರೂ ಆಗಿದ್ದರೆ, ಅವರನ್ನು ಬೆರೆಸಿದ ಕ್ಷಣವೇ ದುರ್ಬಲ ಮಾತಿಗೆ ಪ್ರಬಲ ಹೆಸರು ಅಂಟಿಕೊಳ್ಳುತ್ತದೆ. ಬಗ್ದಾದಿನ ವಿದ್ವಾಂಸರಾದ ಖತೀಬ್ ಅಲ್ ಬಗ್ದಾದಿ (ಮರಣ ಹಿಜರಿ 463, ಕ್ರಿ.ಶ. 1071) ಒಂದೇ ಹೆಸರಿನ ಬೇರೆ ಬೇರೆ ವರದಿಗಾರರನ್ನು ಬಿಡಿಸಿ ಗುರುತಿಸುವುದಕ್ಕಾಗಿಯೇ ಅಲ್ ಮುತ್ತಫಿಕ್ ವಲ್ ಮುಫ್ತರಿಕ್ ಎಂಬ ಗ್ರಂಥವನ್ನು ರಚಿಸಿದರು. ಹೆಸರಿನ ಗೊಂದಲವನ್ನು ಒಂದು ಶಾಸ್ತ್ರವನ್ನಾಗಿ ಬೆಳೆಸಿದ ಸಮುದಾಯ ನಮ್ಮದು. ಇಂದು ಅದೇ ಸಮುದಾಯ ಅರ್ಧ ವಿಳಾಸವನ್ನು ನೋಡಿ ಸಂದೇಶಗಳನ್ನು ಮುಂದಕ್ಕೆ ಕಳಿಸುತ್ತಿರುವುದು ನಮಗೆ ನೋವು ತರುತ್ತದೆ.

ನಮ್ಮ ಹೆಸರಿನ ನಕಲು ಹೀಗೆ ಕಾಣಿಸಿಕೊಂಡಿತು. ಅದೇ ಹೆಸರು, ಅದೇ ಪರಿಚಯ ವಾಕ್ಯ, ನಮ್ಮಲ್ಲೊಬ್ಬರು ತೆಗೆದ ಊರ ಕೋಟೆಗುಡ್ಡದ ಅದೇ ಚಿತ್ರ. ವ್ಯತ್ಯಾಸವಿದ್ದುದು ಎರಡನೆಯ ಅಟ್ ಚಿಹ್ನೆಯ ಆಚೆ ಮಾತ್ರ. ಸುಮಾರು ಮೂರು ವಾರ ಆ ಖಾತೆ ನಮ್ಮ ಟಿಪ್ಪಣಿಗಳನ್ನೇ ಪ್ರತಿಮಾಡಿ ಹಾಕುತ್ತಿತ್ತು. ಯಾರಾದರೂ ಇಷ್ಟಪಟ್ಟು ಹಂಚುತ್ತಿರಬಹುದೆಂದು ನೋಡಿದವರು ಭಾವಿಸಿದರು. ಆಮೇಲೆ ಒಂದು ರಾತ್ರಿ ನೆರೆಯ ಸಮುದಾಯದ ಜಾತ್ರೆಯ ಬಗ್ಗೆ, ಅವರು ಪೂಜಿಸುವ ದೇವತೆಯ ಬಗ್ಗೆ ಹೀನ ಮಾತಿನ ಒಂದು ಸಾಲು ಅದರಲ್ಲಿ ಪ್ರಕಟವಾಯಿತು. ಆ ಸಾಲನ್ನು ಇಲ್ಲಿ ನಾವು ಬರೆಯುವುದಿಲ್ಲ. ಮಾರನೆಯ ಸಂಜೆಯ ಹೊತ್ತಿಗೆ ಅದರ ಸ್ಕ್ರೀನ್‌ಶಾಟ್ ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿತ್ತು. ಸರ್ವರಿನ ಹೆಸರಿರುವ ಅಂಚನ್ನು ಕತ್ತರಿಸಿ ತೆಗೆಯಲಾಗಿತ್ತು. ಮಾಸ್ಟೊಡಾನ್ ಎಂಬ ಪದವನ್ನೇ ಕೇಳದ ನೂರಾರು ಜನರ ಕೈಗೆ ನಮ್ಮ ಹೆಸರು, ನಮ್ಮ ಗುಡ್ಡದ ಚಿತ್ರ ಮತ್ತು ನಮ್ಮದಲ್ಲದ ಆ ಮಾತು ತಲುಪಿದವು.

ಇಶಾ ನಮಾಝಿನ ನಂತರ ಒಬ್ಬರು ಬಂದರು. ಅಡಿಕೆ ವ್ಯಾಪಾರಿ, ಹಿಂದೂ ಸಮುದಾಯದವರು. ನಮ್ಮಲ್ಲೊಬ್ಬರ ಮನೆಯೊಂದಿಗೆ ಅವರ ತಂದೆಯ ಕಾಲದಿಂದ ವ್ಯವಹಾರವಿದೆ. ಮೊಬೈಲನ್ನು ಮುಂದೆ ಹಿಡಿದು, ಇದನ್ನು ಬರೆದದ್ದು ನೀವೇನಾ ಎಂದು ಕೇಳಿದರು. ಧ್ವನಿಯಲ್ಲಿ ಕೋಪವಿತ್ತು, ಆದರೆ ಪ್ರಶ್ನೆ ಪ್ರಶ್ನೆಯೇ ಆಗಿತ್ತು. ನಾವು ನಮ್ಮ ಖಾತೆಯನ್ನೂ ನಕಲಿ ಖಾತೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ಎರಡು ವಿಳಾಸಗಳನ್ನೂ ಅಕ್ಷರ ಅಕ್ಷರವಾಗಿ ಓದಿದರು, ನಂತರ ತಮಗೆ ಆ ಚಿತ್ರ ಬಂದಿದ್ದ ಗುಂಪಿನಲ್ಲಿ ತಾವೇ ಬರೆದು ಹಾಕಿದರು. ಆ ರಾತ್ರಿ ಊರು ಶಾಂತವಾಗಿ ಮಲಗಿತು. ಕೆಟ್ಟ ಸುದ್ದಿ ತಂದವನ ಮಾತನ್ನು ಪರಿಶೀಲಿಸಿರಿ, ಇಲ್ಲವಾದರೆ ಅರಿವಿಲ್ಲದೆ ಒಂದು ಜನಸಮೂಹಕ್ಕೆ ಹಾನಿಮಾಡಿ ಆಮೇಲೆ ಪಶ್ಚಾತ್ತಾಪ ಪಡುವಿರಿ ಎಂಬರ್ಥದ ಆದೇಶ ಸೂರಃ ಅಲ್ ಹುಜುರಾತ್‌ನ 6ನೆಯ ಸೂಕ್ತದಲ್ಲಿದೆ. ಆ ಸೂಕ್ತವನ್ನು ನಾವು ಬಾಯಿಪಾಠವಾಗಿ ಬಲ್ಲೆವು. ಅಂದು ಅದರಂತೆ ನಡೆದುಕೊಂಡವರು ಆ ಅಡಿಕೆ ವ್ಯಾಪಾರಿ. ಇದೇ ಬಗೆಯ ಚಿತ್ರವೊಂದು ಅವರ ಹೆಸರಿನಲ್ಲಿ ನಮ್ಮ ಗುಂಪಿಗೆ ಬಂದಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಅವರ ಅಂಗಡಿಯ ತನಕ ನಡೆದು ಹೋಗುತ್ತಿದ್ದರು ಎಂದು ಆ ಬಳಿಕ ಕೂಟದಲ್ಲಿ ಒಬ್ಬರು ಕೇಳಿದರು. ಉತ್ತರ ಕೊಡಲು ಯಾರೂ ಆತುರಪಡಲಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. 2022ರಲ್ಲಿ ಕೊಡಗಿನಲ್ಲಿ ಮುಸ್ಲಿಮ್ ಹೆಸರಿನ ಖಾತೆಯೊಂದರಿಂದ ಕಾವೇರಿ ಮಾತೆಯ ಬಗ್ಗೆಯೂ ಕೊಡವ ಮಹಿಳೆಯರ ಬಗ್ಗೆಯೂ ಅವಹೇಳನಕಾರಿ ಬರಹ ಪ್ರಕಟವಾದಾಗ ಜಿಲ್ಲೆಯೇ ಕುದಿಯಿತು. ಪೊಲೀಸರು ತನಿಖೆ ನಡೆಸಿ ಬಂಧಿಸಿದ ವ್ಯಕ್ತಿ ಮುಸ್ಲಿಮನಾಗಿರಲಿಲ್ಲ. ಅದೇ ವರ್ಷದ ಜನವರಿ 1ರಂದು ನೂರಕ್ಕೂ ಹೆಚ್ಚು ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಕದ್ದು ಹರಾಜಿನ ನೆಪದಲ್ಲಿ ಪ್ರದರ್ಶಿಸಿದ ಬುಲ್ಲಿ ಬಾಯಿ ಎಂಬ ಆ್ಯಪ್ ಕಾಣಿಸಿಕೊಂಡಿತು. ಮುಂಬೈ ಪೊಲೀಸರು ಬಂಧಿಸಿದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ಆ ಕೃತ್ಯವನ್ನು ಹರಡಿದ ಟ್ವಿಟರ್ ಖಾತೆಗಳಿಗೆ ಸಿಖ್ಖರ ಹೆಸರುಗಳನ್ನು ಇಡಲಾಗಿತ್ತೆಂದು ಪೊಲೀಸರು ತಿಳಿಸಿದರು. ಮುಸ್ಲಿಮ್ ಹೆಣ್ಣುಮಕ್ಕಳ ಮಾನ ಕಳೆಯುವುದು, ಅದರ ಅಪವಾದವನ್ನು ಸಿಖ್ ಸಮುದಾಯದ ತಲೆಗೆ ಕಟ್ಟುವುದು, ಒಂದೇ ಏಟಿಗೆ ಎರಡು ಸಮುದಾಯಗಳನ್ನು ಎದುರುಬದುರು ನಿಲ್ಲಿಸುವುದು! ಈ ಎರಡೂ ಪ್ರಕರಣಗಳು ನಡೆದದ್ದು ಒಡೆಯನಿರುವ ಕೇಂದ್ರೀಕೃತ ಜಾಲಗಳಲ್ಲಿ ಎಂಬುದನ್ನು ಗಮನಿಸಬೇಕು. ವಿಕೇಂದ್ರೀಕೃತ ಜಾಲವೇ ಅಪಾಯದ ಮೂಲವೆಂದು ಹೇಳುವವರೊಂದಿಗೆ ನಾವು ಒಪ್ಪುವುದಿಲ್ಲ. ಹಳೆಯ ಜಾಲದಲ್ಲಿ ಕಾವಲುಗಾರನಿದ್ದಾನೆಂಬ ಭ್ರಮೆಯಲ್ಲಿ ನಾವು ಕಣ್ಣುಮುಚ್ಚಿರುತ್ತೇವೆ. ಹೊಸ ಜಾಲದಲ್ಲಿ ಕಣ್ಣು ತೆರೆಯುವುದು ಅನಿವಾರ್ಯವಾಗುತ್ತದೆ, ಅಷ್ಟೇ.

ಕಣ್ಣು ತೆರೆದು ಏನನ್ನು ನೋಡಬೇಕೆಂಬುದಕ್ಕೆ ಮತ್ತೆ ಖತೀಬ್ ಅಲ್ ಬಗ್ದಾದಿಯವರನ್ನೇ ಉದಾಹರಿಸಬಹುದು. ಖೈಬರಿನ ನಿವಾಸಿಗಳಿಗೆ ಪ್ರವಾದಿವರ್ಯರು(ಸ) ಜಿಝಿಯಾದಿಂದ ವಿನಾಯಿತಿ ನೀಡಿದ್ದರೆಂದು ಸಾರುವ ಒಂದು ಪತ್ರವನ್ನು ಅವರ ಕಾಲದಲ್ಲಿ ಬಗ್ದಾದಿನ ವಝೀರರ ಮುಂದೆ ಇಡಲಾಯಿತು. ಅದರಲ್ಲಿ ಸಹಾಬಿಗಳ ಸಾಕ್ಷ್ಯವೂ ಇತ್ತು. ಖತೀಬ್ ಅದನ್ನು ನೋಡಿ ನಕಲಿ ಎಂದರು. ಖೈಬರ್ ಜಯ ಹಿಜರಿ 7ರಲ್ಲಿ. ಸಾಕ್ಷಿಯೆಂದು ಬರೆಯಲಾದ ಮುಆವಿಯಾ(ರ) ಇಸ್ಲಾಮ್ ಸ್ವೀಕರಿಸಿದ್ದು ಮಕ್ಕಾ ವಿಜಯದ ವರ್ಷ, ಹಿಜರಿ 8ರಲ್ಲಿ. ಇನ್ನೊಬ್ಬ ಸಾಕ್ಷಿ ಸಅದ್ ಬಿನ್ ಮುಆದ್(ರ) ಹಿಜರಿ 5ರಲ್ಲೇ ನಿಧನರಾಗಿದ್ದರು. ಶೈಲಿ, ಕಾಗದ, ಗಣ್ಯ ಹೆಸರುಗಳು ಯಾವುದೂ ಅವರನ್ನು ಮರುಳುಮಾಡಲಿಲ್ಲ. ಅವರು ದಿನಾಂಕಗಳನ್ನು ನೋಡಿದರು. ಮಾಸ್ಟೊಡಾನ್‌ನ ಪ್ರತಿಯೊಂದು ಖಾತೆಯ ಪುಟದಲ್ಲೂ ಅದು ಸೇರಿದ ದಿನಾಂಕ ಬರೆದಿರುತ್ತದೆ. ನಮ್ಮ ಖಾತೆ ಹಳೆಯದು, ನಕಲಿಗೆ ಒಂದು ತಿಂಗಳೂ ತುಂಬಿರಲಿಲ್ಲ. ಅಡಿಕೆ ವ್ಯಾಪಾರಿಗೆ ವಿಳಾಸಕ್ಕಿಂತಲೂ ಮನವರಿಕೆಯಾದದ್ದು ಈ ದಿನಾಂಕ. ವ್ಯಾಪಾರಿಗಳಿಗೆ ರಸೀದಿಯ ತಾರೀಖು ನೋಡುವ ಅಭ್ಯಾಸವಿರುತ್ತದೆ.

ಒಂದು ಹೆಸರನ್ನು ಹೋಲುವ ಹೆಸರು ಇಡುವುದು ಮೋಸದ ಅತ್ಯಂತ ಸರಳ ರೂಪ. ಇದಕ್ಕಿಂತ ಆಳವಾದದ್ದೂ ಇದೆ. 2024ರ ಫೆಬ್ರವರಿ 1ರಂದು ಮಾಸ್ಟೊಡಾನ್ ತಂಡ ತನ್ನ ತಂತ್ರಾಂಶದ ಗಂಭೀರ ದೋಷವೊಂದನ್ನು ಪ್ರಕಟಿಸಿ 4.2.5 ಆವೃತ್ತಿಯಲ್ಲಿ ಅದನ್ನು ಸರಿಪಡಿಸಿತು. ಇನ್ನೊಂದು ಸರ್ವರಿನಿಂದ ಬಂದ ದಾಖಲೆ ನಿಜವಾಗಿಯೂ ಅದೇ ಮೂಲದ್ದೇ ಎಂಬುದನ್ನು ತಂತ್ರಾಂಶ ಸಾಕಷ್ಟು ಪರಿಶೀಲಿಸುತ್ತಿರಲಿಲ್ಲ. ಪರಿಣಾಮವಾಗಿ ದುರುಳನೊಬ್ಬ ದೂರದ ಯಾವುದೇ ಖಾತೆಯ ಸೋಗು ಹಾಕಬಹುದಿತ್ತು, ಆ ಖಾತೆಯನ್ನೇ ವಶಪಡಿಸಿಕೊಳ್ಳಲೂಬಹುದಿತ್ತು. ಇಲ್ಲಿ ಎರಡನೆಯ ಅಟ್ ಚಿಹ್ನೆಯ ಆಚೆಗಿನ ಭಾಗವೂ ಸರಿಯಾಗಿಯೇ ಕಾಣುತ್ತದೆ. ಓದುಗ ಎಷ್ಟು ಎಚ್ಚರವಾಗಿದ್ದರೂ ಪ್ರಯೋಜನವಿಲ್ಲ. ಸರ್ವರುಗಳನ್ನು ನಡೆಸುವ ಸ್ವಯಂಸೇವಕರು ಹೊಸ ಆವೃತ್ತಿಗೆ ಬದಲಾಗಲು ಕಾಲಾವಕಾಶ ಸಿಗಲೆಂದು ದೋಷದ ವಿವರಗಳನ್ನು ಫೆಬ್ರವರಿ 15ರ ತನಕ ತಡೆಹಿಡಿಯಲಾಯಿತು. ಈ ನಡೆಯಲ್ಲಿ ಅಮಾನತ್‌ನ ಪ್ರಜ್ಞೆಯಿದೆಯೆಂದು ನಮಗೆ ತೋರುತ್ತದೆ.

ಹದೀಸ್ ಶಾಸ್ತ್ರವನ್ನು ಬಲ್ಲವರಿಗೆ ಈ ದೋಷದ ಸ್ವರೂಪ ಪರಿಚಿತವೇ. ಒಬ್ಬ ವರದಿಗಾರ ‘ಇಂಥವರಿಂದ’ ಎಂದು ಹೇಳಿದ ಮಾತ್ರಕ್ಕೆ ಆತ ಅವರಿಂದ ಕೇಳಿದ್ದಾನೆಂದು ಆಗುವುದಿಲ್ಲ. ಇಬ್ಬರೂ ಸಮಕಾಲೀನರು, ಭೇಟಿಯಾಗುವುದು ಸಾಧ್ಯವಿತ್ತು ಎಂಬಷ್ಟನ್ನು ಇಮಾಮ್ ಮುಸ್ಲಿಮ್ (ಮರಣ ಹಿಜರಿ 261) ಸಾಕೆಂದು ಪರಿಗಣಿಸಿದರು. ಇಮಾಮ್ ಬುಖಾರಿ (ಮರಣ ಹಿಜರಿ 256) ಭೇಟಿ ನಡೆದದ್ದೇ ಸಾಬೀತಾಗಬೇಕೆಂಬ ನಿಲುವಿನವರೆಂದು ಪ್ರಸಿದ್ಧರು. ಶುಅಬಾ ಬಿನ್ ಅಲ್ ಹಜ್ಜಾಜ್ ತಮ್ಮ ಗುರು ಕತಾದಾರ ಬಾಯನ್ನೇ ನೋಡುತ್ತ ಕುಳಿತು, ತನಗೆ ಇಂಥವರೇ ಹೇಳಿದರೆಂಬ ಸ್ಪಷ್ಟ ಪದ ಹೊರಬಂದರೆ ಮಾತ್ರ ಬರೆದುಕೊಳ್ಳುತ್ತಿದ್ದರಂತೆ. 2024ರ ದುರಸ್ತಿಯೂ ಒಂದರ್ಥದಲ್ಲಿ ಇದೇ: ‘ಇಂಥವರಿಂದ’ ಎಂದು ಬರೆದಿದ್ದರೆ ಸಾಲದು, ಅಲ್ಲಿಂದಲೇ ಬಂದದ್ದೆಂದು ತಿಳಿಯಬೇಕು. ಹೋಲಿಕೆಯನ್ನು ಅತಿಯಾಗಿ ಎಳೆಯುವುದು ಬೇಡ. ವರದಿಗಾರರ ಪರೀಕ್ಷೆಯಲ್ಲಿ ಅವರ ಚಾರಿತ್ರ್ಯವೂ ತೂಗಲ್ಪಡುತ್ತಿತ್ತು, ಯಂತ್ರಕ್ಕೆ ಅದು ತಿಳಿಯದು.

ಇನ್ನು ಮೊಹರಿನ ವಿಷಯ. ಮೊಹರಿಲ್ಲದ ಪತ್ರಗಳನ್ನು ರೋಮನ್ನರು ಓದುವುದಿಲ್ಲವೆಂದು ತಿಳಿದಾಗ ಪ್ರವಾದಿವರ್ಯರು(ಸ) ಬೆಳ್ಳಿಯ ಉಂಗುರವೊಂದನ್ನು ಮಾಡಿಸಿ ಅದರಲ್ಲಿ ತಮ್ಮ ಹೆಸರನ್ನೂ ಪ್ರವಾದಿತ್ವವನ್ನೂ ಮೂರು ಸಾಲುಗಳಲ್ಲಿ ಕೆತ್ತಿಸಿದರು. ಬೇರೆ ಯಾರೂ ತಮ್ಮ ಉಂಗುರದಲ್ಲಿ ಅದೇ ಬರಹವನ್ನು ಕೆತ್ತಿಸಬಾರದೆಂದು ನಿಷೇಧಿಸಿದರು. ಆ ಉಂಗುರ ಅಬೂಬಕರ್(ರ), ಉಮರ್(ರ) ಅವರ ಕೈಗಳನ್ನು ದಾಟಿ ಉಸ್ಮಾನ್(ರ)ರ ಕೈಗೆ ಬಂತು, ಮತ್ತು ಮದೀನಾದ ಅರೀಸ್ ಬಾವಿಗೆ ಬಿತ್ತು. ಮೂರು ದಿನ ನೀರು ಬತ್ತಿಸಿ ಹುಡುಕಿದರೂ ಸಿಗಲಿಲ್ಲ. ಹಿಜರಿ 35ರಲ್ಲಿ (ಕ್ರಿ.ಶ. 656) ಈಜಿಪ್ಟಿಗೆ ಮರಳುತ್ತಿದ್ದ ಅತೃಪ್ತರ ಗುಂಪು ದಾರಿಯಲ್ಲಿ ಒಬ್ಬ ಸವಾರನನ್ನು ತಡೆಯಿತು. ಅವನಲ್ಲಿ ಖಲೀಫರ ಮೊಹರಿದ್ದ ಪತ್ರವಿತ್ತು, ಆ ಗುಂಪಿನವರನ್ನು ಕಠಿಣವಾಗಿ ಶಿಕ್ಷಿಸಬೇಕೆಂದು ಅಲ್ಲಿನ ರಾಜ್ಯಪಾಲರಿಗೆ ಆದೇಶವಿತ್ತು. ಉಸ್ಮಾನ್(ರ) ತಾನದನ್ನು ಬರೆದಿಲ್ಲ, ಬರೆಸಿಲ್ಲ, ತನಗದು ತಿಳಿದೂ ಇಲ್ಲವೆಂದು ಅಲ್ಲಾಹನ ಮೇಲೆ ಆಣೆಯಿಟ್ಟು ಹೇಳಿದರು. ಒಬ್ಬರ ಹೆಸರಿನಲ್ಲಿ ಪತ್ರ ಹುಟ್ಟಿಸಬಹುದು, ಮೊಹರಿನಂತೆ ಮೊಹರು ಕೆತ್ತಬಹುದು ಎಂಬುದನ್ನೂ ನೆನಪಿಸಿದರು. ಯಾರೂ ಕಿವಿಗೊಡಲಿಲ್ಲ. ಆ ಪತ್ರದ ಹಿಂದೆ ಯಾರಿದ್ದರೆಂಬ ಬಗ್ಗೆ ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಖಲೀಫರು ತಮ್ಮ ಮನೆಯೊಳಗೆ ಕುರ್‌ಆನ್ ಓದುತ್ತಿರುವಾಗಲೇ ಹುತಾತ್ಮರಾದರು. ಒಂದು ನಕಲಿ ಸಂದೇಶಕ್ಕೆ ಸಮುದಾಯ ಕೊಡಬಹುದಾದ ಬೆಲೆಯ ಕುರಿತು ನಮಗೆ ಬೇರೆ ದೃಷ್ಟಾಂತ ಬೇಕಿಲ್ಲ.

ಇಂದಿನ ಖಾತೆಗಳ ಮೊಹರು ಯಾರ ಕೈಯಲ್ಲಿದೆ ಎಂದು ನಾವು ವಿಚಾರಿಸಿದಾಗ ತಿಳಿದದ್ದಿಷ್ಟು. ಮಾಸ್ಟೊಡಾನ್‌ನಲ್ಲಿ ನಮ್ಮ ಸಂದೇಶಗಳಿಗೆ ಒತ್ತುವ ಗುಪ್ತ ಕೀಲಿ ಸರ್ವರಿನಲ್ಲೇ ಇರುತ್ತದೆ. ಸರ್ವರ್ ನಡೆಸುವವರು ಪ್ರಾಮಾಣಿಕರಾಗಿದ್ದರೆ ನಾವು ಸುರಕ್ಷಿತರು. ಖಾಸಗಿ ಸಂದೇಶಗಳೂ ಅವರು ಓದಬಲ್ಲ ರೂಪದಲ್ಲೇ ಇರುತ್ತವೆ, ಆದ್ದರಿಂದ ಝಕಾತ್ ಪಡೆಯುವ ಕುಟುಂಬಗಳ ಗುಟ್ಟಿನ ವಿಷಯಗಳನ್ನು ಅಲ್ಲಿ ಬರೆಯುವುದನ್ನು ನಾವು ನಮ್ಮೊಳಗೆ ನಿಷೇಧಿಸಿಕೊಂಡಿದ್ದೇವೆ. ನೊಸ್ಟರ್ ಎಂಬ ಇನ್ನೊಂದು ಜಾಲದಲ್ಲಿ ಕೀಲಿ ಸಂಪೂರ್ಣವಾಗಿ ಬಳಕೆದಾರನ ಕೈಯಲ್ಲಿರುತ್ತದೆ. ಕಳೆದುಹೋದರೆ ಅರೀಸ್ ಬಾವಿಗೆ ಬಿದ್ದಂತೆಯೇ, ಮರಳಿ ಕೊಡುವವರಿಲ್ಲ. ಕದ್ದವನ ಕೈಗೆ ಸಿಕ್ಕರೆ ರದ್ದುಮಾಡುವವರೂ ಇಲ್ಲ. ಬ್ಲೂಸ್ಕೈಯಲ್ಲಿ ಸ್ವಂತ ಜಾಲತಾಣದ ಹೆಸರನ್ನೇ ಖಾತೆಯ ಹೆಸರಾಗಿ ಬಳಸಬಹುದು. ಹೆಸರಿನ ಒಡೆತನ ತಾಣದ ಒಡೆತನದಿಂದ ಸಾಬೀತಾಗುತ್ತದೆ, ಆದರೆ ತಾಣದ ನೋಂದಣಿಯನ್ನು ನವೀಕರಿಸಲು ಮರೆತರೆ ಹೆಸರನ್ನು ಇನ್ನೊಬ್ಬರು ಕೊಳ್ಳಬಹುದು. ಮೂರರಲ್ಲಿ ಯಾವುದು ಮೇಲೆಂದು ಕೇಳಿದರೆ, ಹತ್ತು ಮಂದಿ ಸೇರಿ ನಡೆಸುವ ಕೂಟಕ್ಕೆ ಮಾಸ್ಟೊಡಾನ್ ಸಾಕೆಂಬುದು ನಮ್ಮ ಅಭಿಪ್ರಾಯ. ಮರೆವು ಮನುಷ್ಯ ಸಹಜ. ಕೀಲಿ ಕಳೆದುಕೊಂಡವನಿಗೆ ಎರಡನೆಯ ಅವಕಾಶವಿರಬೇಕು.

ಈ ಮೊಹರಿನ ಭಾಷೆ ನಮ್ಮ ಊರಿಗೆ ಹೊಸದಲ್ಲ. ತರೀಕೆರೆ ಪಾಳೆಯಗಾರರ ಮೂಲ ನೆಲೆಯಾಗಿದ್ದ ಬಸವಾಪಟ್ಟಣ 1687ರ ನಂತರ ಮೊಘಲರ ಸಿರಾ ಸುಬಾದ ಏಳು ಪರಗಣಗಳಲ್ಲಿ ಒಂದಾಗಿತ್ತು. ಪರಗಣದ ಆಡಳಿತ ನಡೆಯುತ್ತಿದ್ದುದೇ ಕಾಗದ, ಮೊಹರು ಮತ್ತು ಸನ್ನದುಗಳ ಮೇಲೆ. ಸನ್ನದು ಎಂಬ ಕನ್ನಡ ಪದ ಅರಬಿಯ ಸನದ್, ಹದೀಸಿನ ವರದಿಗಾರರ ಸರಣಿಗೂ ಅದೇ ಹೆಸರು. ಅಸಲು ಎಂದರೆ ಬೇರು. ನಕಲು ಎಂಬುದು ಅರಬಿಯ ನಕ್ಲ್, ಅಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು, ವರದಿ ಮಾಡುವುದು. ಗೌರವದ ಪದವದು, ಪರಂಪರೆಯಿಂದ ಬಂದ ಜ್ಞಾನವನ್ನೇ ಉಲಮಾಗಳು ನಕ್ಲೀ ಎನ್ನುತ್ತಾರೆ. ಕನ್ನಡದ ಕಚೇರಿಗಳಲ್ಲಿ ಅದು ಪ್ರತಿ ಎಂಬರ್ಥ ಪಡೆದು, ಸಂತೆಯಲ್ಲಿ ನಕಲಿ ಎಂಬ ಬೈಗುಳವಾಯಿತು. ಒಂದು ಮಾತನ್ನು ಸಾಗಿಸುವವನು ವರದಿಗಾರನಾಗುವುದೂ ನಕಲಿಯಾಗುವುದೂ ಒಂದೇ ಧಾತುವಿನಿಂದ ಹೊರಡುತ್ತದೆಂಬುದನ್ನು ನಮ್ಮ ಭಾಷೆ ತನಗರಿವಿಲ್ಲದೆಯೇ ದಾಖಲಿಸಿಟ್ಟಿದೆ.

ನಕಲಿ ಖಾತೆಯ ಮೇಲೆ ಕ್ರಮ ಹೇಗೆ? ಕಾನೂನು ಸ್ಪಷ್ಟವಾಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ವಿಧಿ ಇನ್ನೊಬ್ಬರ ಗುರುತಿನ ಕಳವಿಗೂ, 66ಡಿ ವಿಧಿ ಗಣಕಯಂತ್ರದ ಮೂಲಕ ಸೋಗು ಹಾಕಿ ವಂಚಿಸುವುದಕ್ಕೂ 3 ವರ್ಷಗಳ ತನಕ ಸೆರೆವಾಸ ಮತ್ತು 1 ಲಕ್ಷ ರೂಪಾಯಿಯ ತನಕ ದಂಡ ವಿಧಿಸುತ್ತವೆ. ಹಣ ಕಳೆದುಕೊಂಡವರು 1930 ಸಂಖ್ಯೆಗೆ ತಕ್ಷಣ ಕರೆಮಾಡಬೇಕು. ಆದರೆ ಖಾತೆಯನ್ನು ತೆಗೆಸುವುದಕ್ಕೆ ಇಲ್ಲಿ ಒಂದು ಕೇಂದ್ರ ಕಚೇರಿಯಿಲ್ಲ. ನಕಲಿ ಇರುವ ಸರ್ವರಿನ ಮೇಲ್ವಿಚಾರಕರಿಗೇ ಬರೆಯಬೇಕು, ಅವರು ಇನ್ನಾವುದೋ ದೇಶದಲ್ಲಿ ಹಗಲಿನ ಉದ್ಯೋಗ ಮುಗಿಸಿ ರಾತ್ರಿ ಈ ಸೇವೆ ಮಾಡುವ ಒಬ್ಬರೇ ಆಗಿರಬಹುದು. ಅವರಿಗೆ ಕನ್ನಡ ಬರುವುದಿಲ್ಲ. ನಾವು ಆ ಸಾಲನ್ನು ಅನುವಾದಿಸಿ, ಅದು ನಮ್ಮ ಊರಿನಲ್ಲಿ ಏನು ಮಾಡಬಹುದೆಂದು ವಿವರಿಸಿ, ಎರಡೂ ಖಾತೆಗಳ ದಿನಾಂಕಗಳೊಂದಿಗೆ ಕಳಿಸಿದೆವು. ನಾಲ್ಕನೆಯ ದಿನ ಖಾತೆ ಇಲ್ಲವಾಯಿತು. ನಮ್ಮ ಸರ್ವರಿನವರು ಅದಕ್ಕೂ ಮುನ್ನವೇ ತಮ್ಮ ಕಡೆಯಿಂದ ಅದನ್ನು ತಡೆದಿದ್ದರು. ಆ ಮೇಲ್ವಿಚಾರಕರ ಮುಖವನ್ನು ನಾವು ಕಂಡಿಲ್ಲ. ಅವರಿಗಾಗಿ ದುಆ ಮಾಡಿದ್ದೇವೆ.

ನಮ್ಮ ಕಡೆಯಿಂದಲೂ ಕೆಲವನ್ನು ಬಿಗಿಗೊಳಿಸಿದೆವು. ಖಾತೆಗೆ ಎರಡು ಹಂತದ ದೃಢೀಕರಣವಿದೆ, ಗುಪ್ತಪದ ಸಿಕ್ಕಿದರೂ ಬದಲಾಗುತ್ತಿರುವ ಆರಂಕಿಯ ಸಂಖ್ಯೆಯಿಲ್ಲದೆ ಯಾರೂ ಒಳಬರಲಾರರು. ದೂರವಾಣಿ ಕಳೆದುಹೋದರೆ ಬಳಸುವ ಮರುಪಡೆ ಸಂಕೇತಗಳನ್ನು ಕಾಗದದಲ್ಲಿ ಬರೆದು ಇಬ್ಬರು ಬೇರೆ ಬೇರೆ ಮನೆಗಳಲ್ಲಿ ಇಟ್ಟಿದ್ದೇವೆ. ಸಾಲದ ಕರಾರಿಗೆ ಇಬ್ಬರು ಸಾಕ್ಷಿಗಳಿರಲೆಂಬ ಸೂರಃ ಅಲ್ ಬಕರದ ನಿರ್ದೇಶವನ್ನು ನೆನೆದು ಮಾಡಿದ ಏರ್ಪಾಡಿದು. ಖಾತೆಯನ್ನು ಬಳಸುವ ಹಳೆಯ ಆ್ಯಪ್‌ಗಳ ಅನುಮತಿಯನ್ನು ಮೂರು ತಿಂಗಳಿಗೊಮ್ಮೆ ರದ್ದುಮಾಡುತ್ತೇವೆ. ನಮ್ಮದೇ ಒಂದು ಸಣ್ಣ ಜಾಲತಾಣ ಮಾಡಿ, ಅದರಿಂದ ಖಾತೆಗೂ ಖಾತೆಯಿಂದ ಅದಕ್ಕೂ ಕೊಂಡಿ ಹಾಕಿದೆವು. ಎರಡೂ ಒಂದನ್ನೊಂದು ಗುರುತಿಸಿದಾಗ ಮಾಸ್ಟೊಡಾನ್ ಹಸಿರು ಗುರುತು ತೋರಿಸುತ್ತದೆ. ಅದನ್ನು ದುಡ್ಡು ಕೊಟ್ಟು ಕೊಳ್ಳಲಾಗದು. ಸರ್ವರ್ ಎಂದಾದರೂ ಮುಚ್ಚಿದರೆ ಹಿಂಬಾಲಕರನ್ನು ಹೊಸ ವಿಳಾಸಕ್ಕೆ ಕರೆದೊಯ್ಯುವ ವ್ಯವಸ್ಥೆಯಿದೆ, ಆದರೆ ಬರಹಗಳು ಹಿಂದೆಯೇ ಉಳಿಯುತ್ತವೆ. ಆದ್ದರಿಂದ ಅವುಗಳ ಪ್ರತಿಯನ್ನು ತಿಂಗಳಿಗೊಮ್ಮೆ ಇಳಿಸಿಕೊಳ್ಳುತ್ತೇವೆ. ಮಸೀದಿಯ ಸೂಚನಾ ಫಲಕದಲ್ಲಿ ಪೂರ್ಣ ವಿಳಾಸವನ್ನು ಕನ್ನಡ ಮತ್ತು ಉರ್ದು ಎರಡರಲ್ಲೂ ಬರೆದು, ಈ ಖಾತೆ ಎಂದೂ ಹಣ ಕೇಳುವುದಿಲ್ಲವೆಂದು ಸೇರಿಸಿದ್ದೇವೆ. ರಮಝಾನ್‌ನಲ್ಲಿ ಕ್ಯೂಆರ್ ಚಿತ್ರ ಕಳಿಸಿ ಝಕಾತ್ ಬೇಡುವ ಅನಾಮಿಕರ ಕಾಲವಿದು, ಆ ಒಂದು ಸಾಲು ಫಲಕದಲ್ಲಿರುವುದು ಒಳ್ಳೆಯದು.

ನಕಲಿ ಖಾತೆ ಅಳಿದರೂ ಅದರ ಸ್ಕ್ರೀನ್‌ಶಾಟ್ ಅಳಿದಿಲ್ಲ. ಕಳೆದ ತಿಂಗಳು ಅದು ಹೊನ್ನಾಳಿ ಕಡೆಯ ಒಂದು ಗುಂಪಿನಲ್ಲಿ, ಅಂದೇ ನಡೆದದ್ದೆಂಬಂತೆ ಮತ್ತೆ ಕಾಣಿಸಿಕೊಂಡಿತು. ಕಳಿಸಿದವರಿಗೆ ನಾವು ಫೋನ್ ಮಾಡಿದೆವು. ಜಗಳವಾಡಲಿಲ್ಲ. ನಿಮಗಿದು ಯಾರಿಂದ ಬಂತೆಂದು ಮಾತ್ರ ಕೇಳಿದೆವು. ಅವರು ಮೊದಲು ತಡವರಿಸಿ, ಆಮೇಲೆ ತಮ್ಮ ಸೋದರಮಾವನ ಹೆಸರು ಹೇಳಿ ಚಿತ್ರವನ್ನು ಅಳಿಸಿದರು. ಸೋದರಮಾವ ನ್ಯಾಮತಿಯ ಗೆಳೆಯರೊಬ್ಬರನ್ನು ಸೂಚಿಸಿದರು, ಅವರು ಶಿವಮೊಗ್ಗದ ಸಹೋದ್ಯೋಗಿಯನ್ನು. ಮೂವರೂ ಸಜ್ಜನರೇ, ಮೂವರೂ ಅದನ್ನು ತೆಗೆದುಹಾಕಿದರು. ಶಿವಮೊಗ್ಗದವರಿಗೆ ಅದನ್ನು ಕಳಿಸಿದ ಸಂಖ್ಯೆ ಈಗ ಚಾಲ್ತಿಯಲ್ಲಿಲ್ಲ. ಸರಣಿ ಅಲ್ಲಿಗೆ ನಿಂತಿದೆ, ಆ ಸಂಖ್ಯೆಯನ್ನು ನಾವು ದಿನಾಂಕ ಸಮೇತ ಬರೆದಿಟ್ಟಿದ್ದೇವೆ.